ಚರಗವೂ ಬಾನಾಮತಿಯೂ

ಮಾರ್ಗಶಿರ ಮಾಸದ ಕಡೆಯ ದಿನವಾದ ಎಳ್ಳ ಅಮಾವಾಸ್ಯೆಯಂದು, ಆಳಂದದ ಎರೆಭೂಮಿಯಿಂದ ಮೊದಲ್ಗೊಂಡು, ಅಮರ್ಜಾ ನದಿಯು ಭೀಮೆಯನ್ನು ಕೂಡುವ ಅಫಜಲಪುರದ ಸೀಮೆಯನ್ನು ಹಾದು, ಜೇವರ್ಗಿಯ ತೊಗರಿ ಹೊಲಗಳವರೆಗೂ, ಊರೂರುಗಳು ಬರಿದಾಗಿ ಹೊಲಗಳು ಜನರಿಂದ ತುಂಬುತ್ತವೆ. ನಸುಕಿಗೆ ಎಷ್ಟೋ ಮುಂಚೆಯೇ ಎದ್ದು ಹೆಂಗಸರು ತಟ್ಟಿದ ಸಜ್ಜಿ ರೊಟ್ಟಿ, ಜೋಳದ ಕಡುಬು, ಎಳ್ಳಿನ ಹೋಳಿಗೆ, ಶೇಂಗಾದ ಹೋಳಿಗೆ, ಹಸಿಗಾಳುಗಳನ್ನೂ ಹತ್ತಾರು ಬಗೆಯ ಕಾಯಿಪಲ್ಯಗಳನ್ನೂ ಕೂಡಿಸಿ ಕುದಿಸಿದ ಭಜ್ಜಿ, ಗಡಿಗೆ ತುಂಬ ಅಂಬಲಿ, ಇವೆಲ್ಲವೂ ಬಂಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಹೊಲವನ್ನು ಸೇರುತ್ತವೆ. ಅಲ್ಲಿ ಬನ್ನಿಯ ಬುಡದಲ್ಲಿಯೋ ಬೆಳೆಯ ನಡುವೆಯೋ ಐದು ಕಲ್ಲುಗಳನ್ನಿರಿಸಿ, ಪಂಚಪಾಂಡವರೆಂದು ಹೆಸರಿಟ್ಟು ಪೂಜಿಸಿದ ಬಳಿಕ, ಒಬ್ಬನು ನೈವೇದ್ಯದ ಅನ್ನವನ್ನು ಹೊಲದ ಬದುಗಳ ಸುತ್ತಲೂ ಚೆಲ್ಲುತ್ತ ನಡೆದರೆ, ಮತ್ತೊಬ್ಬನು ಅವನ ಹಿಂದೆಯೇ ನೀರು ಚಿಮುಕಿಸುತ್ತ ನಡೆಯುತ್ತಾನೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಹೊಡೆ ತುಂಬಿ ನಿಂತ ಹಿಂಗಾರಿ ಜೋಳವನ್ನು ಒಡಲಲ್ಲಿ ಧರಿಸಿದ ಭೂಮಿಯು ಬಸುರಿಯೆಂದೂ, ಬಸುರಿಯ ಬಯಕೆಯನ್ನು ತೀರಿಸುವುದು ಮಕ್ಕಳಾದವರ ಋಣವೆಂದೂ ಇಲ್ಲಿಯವರು ಬಲ್ಲರು. ಈ ಆಚರಣೆಗೆ ಒಬ್ಬ ಪ್ರವಾದಿಯಿಲ್ಲ, ಒಂದು ಗ್ರಂಥವಿಲ್ಲ, ಒಂದು ಮಠವಿಲ್ಲ. ಆದರೂ ಇದನ್ನು ಧರ್ಮವಲ್ಲವೆನ್ನುವ ಧೈರ್ಯ ನನಗಿಲ್ಲ.

ಈ ಸೀಮೆಯ ಓದಿದ ತರುಣರು ಈಚೆಗೆ ವಿಕ್ಕಾ ಎಂಬ ಪಾಶ್ಚಾತ್ಯ ಮತವೊಂದರ ಹೆಸರನ್ನು ಕೇಳಿ ನನ್ನನ್ನು ಪ್ರಶ್ನಿಸುವುದುಂಟು: ತಮ್ಮನ್ನು ತಾವೇ ಮಾಟಗಾತಿಯರೆಂದು ಕರೆದುಕೊಳ್ಳುವ ಜನರದು ನಿಜವಾಗಿ ಒಂದು ಧರ್ಮವೇ? ಅವರು ಪೂಜಿಸುವುದು ಸೈತಾನನನ್ನಲ್ಲವೇ? ಅವರ ಮಂತ್ರತಂತ್ರಗಳಿಂದ ಅನ್ಯರಿಗೆ ಕೇಡಾಗದೆ? ದೂರದೇಶದ ಒಂದು ಪಂಥದ ವಿಷಯವಾದ ಈ ಪ್ರಶ್ನೆಗಳನ್ನು ಕುತೂಹಲದ ಮಾತೆಂದು ತಳ್ಳಿಹಾಕಬಹುದಾಗಿತ್ತು. ಆದರೆ ‘ಮಾಟ’ವೆಂಬ ಶಬ್ದವು ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಗಳಲ್ಲಿ ಹಗುರವಾದ ಶಬ್ದವಲ್ಲ, ಅದರಿಂದ ಮನೆ ಮುರಿದದ್ದುಂಟು, ಊರು ಬಿಟ್ಟವರುಂಟು. ಆದಕಾರಣ ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವಾಗ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗುತ್ತದೆ.

ಮೊದಲು ವಿಕ್ಕಾ ಮತದ ಚರಿತ್ರೆಯನ್ನು ಕೇಳೋಣ. ಸಿಂಹಳದ ಚಹದ ತೋಟಗಳಲ್ಲಿಯೂ ಬಳಿಕ ಮಲಯದ ಸುಂಕದ ಇಲಾಖೆಯಲ್ಲಿಯೂ ದುಡಿದು ತಾಯ್ನಾಡಿಗೆ ಮರಳಿದ ಜೆರಾಲ್ಡ್ ಗಾರ್ಡ್‌ನರ್ ಎಂಬ ಇಂಗ್ಲಿಷರವನು, 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಒಂದು ಗುಪ್ತ ಮಂಡಲಿಯಲ್ಲಿ ತನಗೆ ದೀಕ್ಷೆಯಾಯಿತೆಂದು ಹೇಳಿಕೊಂಡನು. ಮಾಟದ ವಿಷಯವಾಗಿ 1735ರಿಂದಲೂ ಜಾರಿಯಲ್ಲಿದ್ದ ಬ್ರಿಟಿಷ್ ಕಾನೂನು 1951ರಲ್ಲಿ ರದ್ದಾಗಲು, 1954ರಲ್ಲಿ ಅವನು ತನ್ನ ಮತವನ್ನು ಕುರಿತ ಗ್ರಂಥವನ್ನು ಬೆಳಕಿಗೆ ತಂದನು. ಅವನ ಶಿಷ್ಯೆಯಾದ ಡೊರೀನ್ ವ್ಯಾಲಿಯೆಂಟೆಯು ಪೂಜಾವಿಧಿಗಳ ಮಾತುಗಳಿಗೆ ಕಾವ್ಯದ ಕಾಂತಿಯನ್ನು ಕೊಟ್ಟಳು. ಚಂದ್ರನೊಡನೆ ಕೂಡಿಸಿ ಭಾವಿಸುವ ಒಬ್ಬ ದೇವಿ, ಕೊಂಬುಳ್ಳ ಒಬ್ಬ ದೇವನು, ಹುಣ್ಣಿಮೆಯ ಕೂಟಗಳು, ಸೂರ್ಯಗತಿಯನ್ನೂ ಋತುಗಳ ಸಂಧಿಗಳನ್ನೂ ಅನುಸರಿಸಿದ ವರ್ಷದ ಎಂಟು ಹಬ್ಬಗಳು, ಇವು ಆ ಮತದ ಮುಖ್ಯಾಂಗಗಳು. ಅಮೆರಿಕೆಯ ಮೇಲ್ಮನವಿ ನ್ಯಾಯಾಲಯವೊಂದು 1986ರಲ್ಲಿ ಇದನ್ನು ಧರ್ಮವೆಂದು ಒಪ್ಪಿತು. 2007ರಲ್ಲಿ ಮೃತಸೈನಿಕರ ಸಮಾಧಿಯ ಕಲ್ಲಿನ ಮೇಲೆ ಅದರ ಪಂಚಕೋನ ನಕ್ಷತ್ರದ ಚಿಹ್ನೆಯನ್ನು ಕೆತ್ತಲು ಆ ದೇಶದ ಸರ್ಕಾರವು ಅನುಮತಿಯಿತ್ತಿತು.

ವಿಕ್ಕಾ ಮತದವರು ಸೈತಾನನ ಭಕ್ತರೆ ಎಂಬ ಪ್ರಶ್ನೆಗೆ ಉತ್ತರವು ಸುಲಭವಾದುದು. ಸೈತಾನನೆಂಬ ಕಲ್ಪನೆಯು ಯೆಹೂದಿ, ಕ್ರೈಸ್ತ, ಇಸ್ಲಾಂ ಮತಗಳ ಒಳಗಿನದು. ಆ ಮತಗಳ ಹೊರಗೆ ನಿಂತು ದೇವಿಯನ್ನೂ ದೇವನನ್ನೂ ಆರಾಧಿಸುವವರಿಗೆ ಅವನಲ್ಲಿ ನಂಬಿಕೆಯೇ ಇಲ್ಲ. ಕೊಂಬುಳ್ಳ ದೈವವನ್ನು ಕಂಡಕೂಡಲೆ ಪಿಶಾಚವೆಂದು ಬೆದರುವುದು ಅಲ್ಲಿಯ ಒಂದು ಸಂಸ್ಕಾರವಾಗಿರಬಹುದು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಹೊಲದ ಮಣ್ಣಿನಿಂದಲೇ ಎತ್ತುಗಳನ್ನು ಮಾಡಿ ಜಗಲಿಯ ಮೇಲೆ ಪೂಜಿಸಿದ ನಾವು ಕೊಂಬನ್ನು ಕಂಡು ಬೆದರಬೇಕಾದ ಕಾರಣವಿಲ್ಲ.

ಆ ಮತವು ಪ್ರಾಚೀನವೋ ನವೀನವೋ ಎಂಬುದು ಮತ್ತೊಂದು ಪ್ರಶ್ನೆ. ಯುರೋಪಿನಲ್ಲಿ ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ನಿಜವಾಗಿ ಒಂದು ಪುರಾತನ ಮತದ ಅನುಯಾಯಿಗಳಾಗಿದ್ದರೆಂದು ಮಾರ್ಗರೆಟ್ ಮರ್ರೆಯೆಂಬ ವಿದುಷಿಯು 1921ರಲ್ಲಿ ವಾದಿಸಿದಳು. ಗಾರ್ಡ್‌ನರನು ಆ ವಾದವನ್ನು ನಂಬಿ, ತನ್ನದು ಅದೇ ಮತದ ಉಳಿದ ಕುಡಿಯೆಂದನು. ಅನಂತರದ ಚರಿತ್ರಕಾರರು ಆ ವಾದವನ್ನು ಒಪ್ಪಲಿಲ್ಲ. ರೊನಾಲ್ಡ್ ಹಟನ್ 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಕ್ಕಾ ಮತವು ಇಪ್ಪತ್ತನೆಯ ಶತಮಾನದ ಸೃಷ್ಟಿಯೆಂದು ವಿಸ್ತಾರವಾಗಿ ತೋರಿಸಿದನು. ಹಾಗಾದಮಾತ್ರಕ್ಕೆ ಅದು ಧರ್ಮವಲ್ಲವೆಂದಾಗುವುದಿಲ್ಲ. ಪ್ರತಿಯೊಂದು ಧರ್ಮಕ್ಕೂ ಮೊದಲ ದಿನವೆಂಬುದೊಂದು ಇರಲೇಬೇಕು. ಪೂರ್ವಜರಿಂದ ಹರಿದುಬಂದುದು ತಪ್ಪಿಹೋದಾಗ, ನೆಲದೊಡನೆ ತನಗಿದ್ದ ಸಂಬಂಧವನ್ನು ಕಳೆದುಕೊಂಡ ನಗರದ ಮನುಷ್ಯನು ಅದನ್ನು ಹೊಸದಾಗಿ ಕಟ್ಟಿಕೊಳ್ಳಲು ಹಂಬಲಿಸಿದರೆ, ಆ ಹಂಬಲದಲ್ಲಿ ನಾನು ಸತ್ಯವನ್ನೇ ಕಾಣುತ್ತೇನೆ. ಅವರು ಪಂಚಾಂಗವೊಂದನ್ನು ರಚಿಸಿ ಪಡೆಯಬೇಕಾದುದನ್ನು, ಕಾರ ಹುಣ್ಣಿಮೆಯಿಂದ ಹೋಳಿ ಹುಣ್ಣಿಮೆಯವರೆಗೆ ನಮ್ಮ ಒಕ್ಕಲಿಗನು ಮಳೆ, ಬಿತ್ತನೆ, ರಾಶಿಗಳ ಜೊತೆಜೊತೆಯಲ್ಲಿಯೇ ಪಡೆಯುತ್ತ ಬಂದಿದ್ದಾನೆ.

ಇನ್ನುಳಿದುದು ಮಾಂತ್ರಿಕತೆಯ ಪ್ರಶ್ನೆ. ಯಾರಿಗೂ ಕೇಡಾಗದಂತೆ ನಡೆಯಬೇಕೆಂಬುದು ವಿಕ್ಕಾ ಅನುಯಾಯಿಗಳ ಪ್ರಧಾನ ನೀತಿ. ಮಾಡಿದ ಕೆಡುಕು ಮುಮ್ಮಡಿಯಾಗಿ ಮಾಡಿದವನಿಗೇ ಮರಳುವುದೆಂಬ ನಂಬಿಕೆಯೂ ಅವರಲ್ಲಿ ಅನೇಕರಿಗುಂಟು. ಅವರ ಮಂತ್ರಗಳಿಂದ ಲೋಕದ ಕಾರ್ಯಕಾರಣಗಳು ಬದಲಾಗುವುವೆಂದು ನಾನು ನಂಬಲಾರೆ. ಆದರೂ ಮೇಣದಬತ್ತಿಯನ್ನು ಹಚ್ಚಿ ಒಳಿತನ್ನು ಕೋರುವವನ ಮನಸ್ಸು ಆ ಕೋರಿಕೆಯಿಂದ ಕೊಂಚವಾದರೂ ಹದಗೊಳ್ಳಬಹುದು. ಹರಕೆ ಹೊರುವ ನಮ್ಮ ತಾಯಂದಿರ ವಿಷಯದಲ್ಲಿಯೂ ನಾನು ಇದಕ್ಕಿಂತ ಹೆಚ್ಚಾಗಿ ಹೇಳಲಾರೆ, ಕಡಿಮೆಯಾಗಿಯೂ ಹೇಳಲಾರೆ.

ಈಗ ನಮ್ಮ ಅಂಗಳಕ್ಕೆ ಬರೋಣ. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ಬೀದರ ಜಿಲ್ಲೆಗಳಲ್ಲಿಯೂ, ನೆರೆಯ ಮರಾಠವಾಡಾ ತೆಲಂಗಾಣಗಳಲ್ಲಿಯೂ ಬಾನಾಮತಿಯೆಂಬ ಮಾಟದ ಹೆಸರು ಕೇಳಿದರೆ ನಡುಗದ ಹಳ್ಳಿಗಳು ಬಹಳ ಕಾಲದವರೆಗೆ ವಿರಳವಾಗಿದ್ದುವು. ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬೀಳುವಳು, ನಾಯಿಯಂತೆ ಬೊಗಳುವಳು, ಅವಳನ್ನು ಕಂಡ ನೆರೆಮನೆಯವಳೂ ಹಾಗೆಯೇ ಬೀಳುವಳು. ಮನೆಯ ಮೇಲೆ ಕಲ್ಲು ಬೀಳುವುವು, ಗಳದ ಮೇಲಿನ ಬಟ್ಟೆಗೆ ಬೆಂಕಿ ಹತ್ತುವುದು, ಮೈಮೇಲೆ ಗೀರುಗಳು ಕಾಣಿಸಿಕೊಳ್ಳುವುವು. ಆಗ ನೆರೆದ ಜನರ ಬಾಯಿಂದ ಹೊರಡುವ ಮೊದಲ ಮಾತು, ‘ಯಾರೋ ಮಾಡ್ಸ್ಯಾರ’ ಎಂಬುದು. ಎರಡನೆಯದು, ‘ಯಾರ ಹೆಸರು ಹೇಳ, ಹೇಳ’ ಎಂಬುದು. ಬಿದ್ದವಳು ಎಚ್ಚರವಿಲ್ಲದ ಬಾಯಿಂದ ಒಂದು ಹೆಸರನ್ನು ಉಸುರುವಳು. ಆ ಹೆಸರು ಬಹುಶಃ ಒಬ್ಬ ಒಂಟಿ ಮುದುಕಿಯದು, ವಿಧವೆಯದು, ಬದುವಿನ ವ್ಯಾಜ್ಯವಿರುವ ನೆರೆಯವನದು, ಅಥವಾ ಊರವರೆದುರು ತಲೆಯೆತ್ತಿ ಮಾತನಾಡಲಾರದ ಬಡವನದು. ಅಂದಿನಿಂದ ಆ ಮನೆಗೆ ಯಾರೂ ಬೆಂಕಿ ಕೇಳಲು ಹೋಗರು, ಅಲ್ಲಿಯ ಮಜ್ಜಿಗೆಯನ್ನು ಮುಟ್ಟರು. ಕೂಸನ್ನು ಎತ್ತಿಕೊಂಡ ಹೆಂಗಸರು ಆ ದಾರಿಯನ್ನೇ ಬಿಡುವರು. ಮಂತ್ರೋಚ್ಚಾರಣೆಗೆ ನಾಲಗೆ ಹೊರಳದಿರಲೆಂದು ಆಪಾದಿತರ ಹಲ್ಲುಗಳನ್ನು ಕಿತ್ತ ಘೋರ ಸಂಗತಿಗಳು ತೆಲಂಗಾಣದ ಮೇದಕ ಸೀಮೆಯಿಂದ ವರದಿಯಾಗಿವೆ.

ಈ ಎರಡು ‘ಮಾಟ’ಗಳ ಅಂತರವನ್ನು ಗಮನಿಸಬೇಕು. ವಿಕ್ಕಾ ಮತದಲ್ಲಿ ಮನುಷ್ಯನು ಆ ಹೆಸರನ್ನು ತಾನಾಗಿ ಧರಿಸುತ್ತಾನೆ. ನಮ್ಮ ದೇಶದಲ್ಲಿಯೂ ಕಲ್ಕತ್ತೆಯ ಇಪ್ಸಿತಾ ರಾಯ್ ಚಕ್ರವರ್ತಿಯವರು ತಾವು ಆ ಮಾರ್ಗದವರೆಂದು ಬಹಿರಂಗವಾಗಿ ಸಾರಿ ಗ್ರಂಥಗಳನ್ನೇ ಬರೆದಿದ್ದಾರೆ. ಬಾನಾಮತಿಯಲ್ಲಿ ಆ ಹೆಸರನ್ನು ಧರಿಸುವವರು ಯಾರೂ ಇಲ್ಲ. ಅದನ್ನು ಇತರರು ಹಚ್ಚುತ್ತಾರೆ. ಅದಕ್ಕೆ ದೀಕ್ಷೆಯಿಲ್ಲ, ಹಬ್ಬವಿಲ್ಲ, ದೈವವಿಲ್ಲ, ಅದರಲ್ಲಿರುವುದು ಆಪಾದನೆಯೊಂದೇ. ಹದಿನೈದನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಯುರೋಪಿನಲ್ಲಿ ಸುಮಾರು 40,000ದಿಂದ 50,000 ಜನರು ಮಾಟದ ಆಪಾದನೆಯಿಂದ ಪ್ರಾಣ ತೆತ್ತರೆಂದು ಚರಿತ್ರಕಾರರು ಗಣಿಸುತ್ತಾರೆ. ಅವರಲ್ಲಿಯೂ ಹೆಂಗಸರೇ ಅಧಿಕ. ಅಲ್ಲಿಯೂ ಬರಗಾಲ, ಶಿಶುಮರಣ, ದನಗಳ ಬೇನೆ ಇವುಗಳ ದುಃಖವೇ ಒಂದು ಹೆಸರನ್ನು ಹುಡುಕಿಕೊಂಡು ಹೊರಟಿತ್ತು. ವಿಕ್ಕಾ ಮತದವರು ಆ ಹೆಸರನ್ನೇ ಎತ್ತಿಕೊಂಡು ಗೌರವದ ಮಾತನ್ನಾಗಿ ಮಾಡಿಕೊಳ್ಳಲು ಸಾಧ್ಯವಾದುದು ಬೆಂಕಿಯು ಆರಿ ಸುಮಾರು ಎರಡು ಶತಮಾನಗಳು ಕಳೆದ ಮೇಲೆ. ಬೆಂಕಿಯು ಇನ್ನೂ ಬೂದಿಯೊಳಗೆ ಜೀವ ಹಿಡಿದಿರುವ ನಮ್ಮ ಹಳ್ಳಿಗಳಲ್ಲಿ ಆ ಹೆಸರನ್ನು ವಿನೋದಕ್ಕೂ ಆಡತಕ್ಕದ್ದಲ್ಲ.

ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಬಾನಾಮತಿಯನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಬೇಕೆಂದು ಹೊರಟವರಲ್ಲಿ ಅವರು ಅಗ್ರಗಣ್ಯರು. ಬೀಳುವ ಕಲ್ಲಿನ ಹಿಂದೆ ಮನುಷ್ಯನ ಕೈಯನ್ನೂ, ಬೊಗಳುವ ಹೆಣ್ಣಿನ ಹಿಂದೆ ಹೇಳಿಕೊಳ್ಳಲಾಗದ ಸಂಕಟವನ್ನೂ ಕಾಣಬೇಕೆಂದು ಮನೋವೈದ್ಯಶಾಸ್ತ್ರವು ನಮಗೆ ಕಲಿಸುತ್ತದೆ. ಗಂಡನ ಮನೆಯಲ್ಲಿ ಬಾಯಿ ತೆರೆಯಲಾರದ ಸೊಸೆಗೆ ಮೈಮೇಲೆ ಬಂದಾಗ ಮಾತ್ರ ಮಾತು ಬರುವುದೆಂದರೆ, ವಿಚಾರಣೆಗೆ ಒಳಗಾಗಬೇಕಾದುದು ಆ ಮನೆಯ ಮೌನವೇ ಹೊರತು ನೆರೆಮನೆಯ ಮುದುಕಿಯಲ್ಲ. ಕರ್ನಾಟಕದ ವಿಧಾನಮಂಡಲವು 2017ರಲ್ಲಿ ಅಂಗೀಕರಿಸಿದ, 2020ರಲ್ಲಿ ಜಾರಿಗೆ ಬಂದ ಕಾನೂನು, ದೆವ್ವ ಬಿಡಿಸುವ ನೆಪದಿಂದ ಹೊಡೆಯುವುದನ್ನು ಶಿಕ್ಷಾರ್ಹವಾದ ಅಪರಾಧವನ್ನಾಗಿ ಮಾಡಿದೆ. ಕಾನೂನು ಕೈಯನ್ನು ತಡೆಯಬಲ್ಲುದು. ಭಯವನ್ನು ತಡೆಯಬೇಕಾದವರು ನಾವು.

ಸಂಕಟಕ್ಕೆ ಈ ನೆಲವು ಬೇರೊಂದು ಬಾಗಿಲನ್ನೂ ತೆರೆದಿರಿಸಿದೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ, ಗುರು ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳಿಗೆ ಮಧ್ಯಾಹ್ನದ ಮಹಾಮಂಗಳಾರತಿಯಾಗುವಾಗ, ‘ಗಾಳಿ’ ಸೋಕಿದವರೆಂದು ಕರೆತಂದ ಗಂಡಸರೂ ಹೆಂಗಸರೂ ಕಂಬಗಳನ್ನು ಹಿಡಿದು ಏರುತ್ತ, ಹೊರಳುತ್ತ, ಕೂಗುತ್ತ ತಮ್ಮ ಒಡಲಿನ ಉರಿಯನ್ನು ಹೊರಗೆ ಚೆಲ್ಲುವುದನ್ನು ನೋಡಿದವರು ಮರೆಯಲಾರರು. ನಾನು ಅದನ್ನು ಚಿಕಿತ್ಸೆಯೆಂದು ಹೊಗಳುವವನಲ್ಲ. ವೈದ್ಯನ ಬಳಿಗೆ ಒಯ್ಯಬೇಕಾದವರನ್ನು ಅಲ್ಲಿಯೇ ನಿಲ್ಲಿಸಿಕೊಳ್ಳುವುದು ಸರಿಯೂ ಅಲ್ಲ. ಆದರೂ ಅಲ್ಲಿ ಕಂಡ ಒಂದು ಸಂಗತಿಯನ್ನು ಹೇಳಲೇಬೇಕು: ಅಲ್ಲಿ ಅಳುವವಳು ಗುರುವಿನ ಎದುರಿಗೆ ಅಳುತ್ತಾಳೆ, ಅವಳ ಅಳುವನ್ನು ಕೇಳಲು ಸಾವಿರ ಕಿವಿಗಳಿದ್ದರೂ ಒಬ್ಬ ಅಪರಾಧಿಯನ್ನು ಹುಡುಕಲು ಆ ಗುಂಪು ಯಾರ ಮನೆಗೂ ಹೋಗುವುದಿಲ್ಲ. ಅಮರ್ಜಾ ಭೀಮೆಯರ ಸಂಗಮದಲ್ಲಿ ಮಿಂದು ಔದುಂಬರದ ನೆರಳಿನಲ್ಲಿ ಕುಳಿತ ಸಂಕಟವು, ದೈವದ ಮೇಲೆ ತನ್ನ ಭಾರವನ್ನು ಹಾಕುತ್ತದೆಯೇ ಹೊರತು ನೆರೆಯವಳ ಮೇಲಲ್ಲ. ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹಿಂದುಗಳೂ ಮುಸಲ್ಮಾನರೂ ನಡೆದುಕೊಳ್ಳುವುದೂ, ಭೀಮಾತೀರದ ಘತ್ತರಗಿಯ ಭಾಗ್ಯವಂತಿಗೆ ಉಡಿ ತುಂಬುವುದೂ ಇದೇ ಬಗೆಯ ಭಾರವಿಳಿಸುವಿಕೆಗಳು.

ಧರ್ಮವನ್ನು ಧರ್ಮವಲ್ಲದುದರಿಂದ ಬೇರ್ಪಡಿಸುವ ಗೆರೆಯನ್ನು ನಾನು ಇಲ್ಲಿಯೇ ಎಳೆಯುತ್ತೇನೆ. ದೇವರೊಬ್ಬನೋ ಇಬ್ಬರೋ, ಗ್ರಂಥವಿದೆಯೋ ಇಲ್ಲವೋ, ಮತವು ನಿನ್ನೆ ಹುಟ್ಟಿತೋ ಮೂರು ಸಾವಿರ ವರ್ಷಗಳ ಹಿಂದೆಯೋ ಎಂಬುವು ಪಂಡಿತರ ಪ್ರಶ್ನೆಗಳು. ನಾನು ಕೇಳುವುದು ಇದು: ಈ ನಂಬಿಕೆಯು ನನ್ನ ದುಃಖಕ್ಕೆ ಸಮಾಧಾನವನ್ನು ಕೊಡುವಾಗ ಅದರ ಬೆಲೆಯನ್ನು ಯಾರಿಂದ ವಸೂಲು ಮಾಡುತ್ತದೆ? ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಭಯದ ಭಕ್ತಿಯನ್ನು ತೊರೆದು ದಯೆಯನ್ನು ಧರ್ಮದ ಮೂಲಕ್ಕೆ ಇಳಿಸಿದರು. ಅವರ ನೆಲದ ನೆರೆಯಲ್ಲಿಯೇ ಬಾಳುವ ನಾವು ಆ ಪಾಠವನ್ನು ಮರೆತು, ಹಸುಗೂಸಿನ ಜ್ವರಕ್ಕೆ ನೆರೆಯವಳ ದೃಷ್ಟಿಯನ್ನು ಕಾರಣವಾಗಿಸುವಾಗ, ದೇವರ ಹೆಸರನ್ನು ಎಷ್ಟು ಸಾರಿ ಉಚ್ಚರಿಸಿದರೂ ಧರ್ಮದಿಂದ ಹೊರಗಾಗುತ್ತೇವೆ. ವಿಕ್ಕಾ ಮತದವನು ತನ್ನ ದೇವಿಗೆ ದೀಪ ಹಚ್ಚಿ ಯಾರಿಗೂ ಕೇಡು ಬಗೆಯದೆ ಮಲಗಿದರೆ, ಅವನ ದೇವಿಯ ಹೆಸರನ್ನು ನಾನರಿಯದಿದ್ದರೂ ಅವನನ್ನು ಧರ್ಮದ ಒಳಗಿನವನೆಂದೇ ಭಾವಿಸುತ್ತೇನೆ.

ಮತ್ತೆ ಎಳ್ಳ ಅಮಾವಾಸ್ಯೆಯ ಹೊಲಕ್ಕೆ ಮರಳುತ್ತೇನೆ. ಚರಗವನ್ನು ಚೆಲ್ಲುವ ಕೈಯು ಅದನ್ನು ಯಾರು ಆಯ್ದುಕೊಳ್ಳುವರೆಂದು ವಿಚಾರಿಸುವುದಿಲ್ಲ. ನಾಳೆ ತೆನೆಯನ್ನು ಕುಕ್ಕಲಿರುವ ಗುಬ್ಬಿಗೂ, ಬುಡವನ್ನು ಕಡಿಯಲಿರುವ ಇಲಿಗೂ, ಕಾಯನ್ನು ಕೊರೆಯಲಿರುವ ಹುಳುವಿಗೂ ಅದರಲ್ಲಿ ಪಾಲುಂಟು. ಕೇಡು ಮಾಡಬಲ್ಲವರೆಂದು ತಿಳಿದೂ ಒಕ್ಕಲಿಗನು ಅವರನ್ನು ಉಣಿಸುತ್ತಾನೆ. ಹೊಲವಿಲ್ಲದವರನ್ನೂ ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು, ‘ಬರ್ರಿ, ಉಂಡು ಹೋಗ್ರಿ’ ಎಂದು ಸಾಲಿನಲ್ಲಿ ಕೂಡಿಸಿ ರೊಟ್ಟಿ ಭಜ್ಜಿಗಳನ್ನು ಬಡಿಸುವುದು ಈ ಸೀಮೆಯ ರೂಢಿ. ನನ್ನ ಬೇಡಿಕೆಯು ದೊಡ್ಡದಲ್ಲ. ಬರುವ ಅಮಾವಾಸ್ಯೆಯಂದು, ಊರು ಯಾರ ಹೆಸರನ್ನು ಪಿಸುಮಾತಿನಲ್ಲಿ ಆಡುತ್ತಿದೆಯೋ ಆ ಮುದುಕಿಯ ಬಾಗಿಲಿಗೆ ಮನೆಯ ಹಿರಿಯಳೇ ಹೋಗಿ, ಅವಳನ್ನು ಬಂಡಿಯಲ್ಲಿ ತನ್ನ ಪಕ್ಕಕ್ಕೆ ಕೂಡಿಸಿಕೊಂಡು ಹೊಲಕ್ಕೆ ಕರೆತರಲಿ. ಅವಳ ಕೈಯಿಂದಲೇ ಕೂಸಿಗೆ ಒಂದು ತುತ್ತು ಹೋಳಿಗೆಯನ್ನು ತಿನ್ನಿಸಲಿ. ಇಲಿಗೂ ಹುಳುವಿಗೂ ಅನ್ನವಿಟ್ಟ ಜನಕ್ಕೆ ಇದು ಅಸಾಧ್ಯವಾಗಬಾರದು.