ರಣರಂಗದಿಂದ ಗೃಹಾಂಗಣಕ್ಕೆ

ಯುದ್ಧಕ್ಕೆ ಹೊರಟವನಿಗೆ ಆರತಿ ಎತ್ತಿ ತಿಲಕವಿಡುವ ಸಂಪ್ರದಾಯ ನಮ್ಮಲ್ಲಿ ಉಂಟು. ಯುದ್ಧದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸುವ ಪದ್ಧತಿಯು ಕನ್ನಡ ನಾಡಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಡೆದು ಬಂದಿದೆ. ಆ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ನಿಕೆಯರು, ಮೇಲೆ ದೇವಸನ್ನಿಧಿ. ವ್ರತವನ್ನು ಪಾಲಿಸಿ ಸಲ್ಲೇಖನದಿಂದ ದೇಹ ಬಿಟ್ಟವರಿಗೆ ನಿಸಿದಿ ಕಲ್ಲುಗಳಿವೆ. ಆದರೆ ಯುದ್ಧಕ್ಕೆ ಹೋಗಿ, ಕಾದಿ, ಸಾಯದೆ ಮನೆಗೆ ಮರಳಿ ಬಂದವನಿಗೆ ಕಲ್ಲೂ ಇಲ್ಲ, ವಿಧಿಯೂ ಇಲ್ಲ. ಅವನು ಬಂದ ದಿನ ಒಂದು ಹಾರ, ಒಂದು ಸಿಹಿ ಊಟ. ಮಾರನೆಯ ದಿನದಿಂದ ಅವನು ಎಲ್ಲರಂತೆ ಇರತಕ್ಕದ್ದು ಎಂದು ಲೋಕವು ನಿರೀಕ್ಷಿಸುತ್ತದೆ. ಅವನು ಎಲ್ಲರಂತೆ ಇರಬಲ್ಲನೇ? ಇರಲಾರದೆ ಹೋದರೆ ಅದರ ಹೊಣೆ ಯಾರದು? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜಕ್ಕೆ ಈ ಪ್ರಶ್ನೆಯು ಹೊರಗಿನದಲ್ಲ.

ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ಈ ಸೀಮೆಗೆ ಇಂಥ ಮರಳುವಿಕೆಗಳು ಹೊಸವಲ್ಲ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಅವರಲ್ಲಿ ಸುಮಾರು 87 ಸಾವಿರ ಮಂದಿ ಹಿಂದಿರುಗಲಿಲ್ಲ. ನಿಜಾಮ ಸಂಸ್ಥಾನದ ಒಂದನೆಯ ಹೈದರಾಬಾದ್ ಇನ್‌ಫೆಂಟ್ರಿಯು 1941ರ ಡಿಸೆಂಬರಿನಲ್ಲಿ ಮಲಯಾದ ಕೋಟಾ ಬಾರು ವಿಮಾನನೆಲೆಯ ಕಾವಲಿಗಿದ್ದಾಗ ಜಪಾನೀಯರ ದಾಳಿಯನ್ನು ಎದುರಿಸಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನದ ಸೈನ್ಯವೇ ಇಲ್ಲವಾಯಿತು. 1956ರಲ್ಲಿ ಸಂಸ್ಥಾನವೂ ಹಂಚಿಹೋಗಿ, ಅದುವರೆಗೆ ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿತು. ಸಿಪಾಯಿಯೊಬ್ಬನು ಯಾವ ಸರಕಾರಕ್ಕಾಗಿ ಬಂದೂಕು ಹಿಡಿದಿದ್ದನೋ ಆ ಸರಕಾರವೇ ಇಲ್ಲವಾದರೆ, ಅವನು ತನ್ನ ಸೇವೆಯನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ಇಂದಿಗೂ ವಿಕಾರಾಬಾದಿನಿಂದ ವಾಡಿಯ ಕಡೆಗೆ ಹೋಗುವ ರೈಲಿನಿಂದ, ಬಿಳಿಯ ಬಣ್ಣದಲ್ಲಿ ಹೆಸರು ಬರೆದ ಕಪ್ಪು ಟ್ರಂಕನ್ನು ಹೊತ್ತು ಸೈನಿಕನೊಬ್ಬನು ಇಳಿದರೆ, ಅವನನ್ನು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ಮಾತನಾಡಿಸುವ ಜನರಿದ್ದಾರೆ. ಆದರೆ ಮಾತನಾಡಿಸುವುದು ಬೇರೆ, ಮಾತನ್ನು ಕೇಳುವುದು ಬೇರೆ.

ಯುದ್ಧವನ್ನು ಮುಗಿಸಿದವನ ಕಥೆಗಳಲ್ಲಿ ಬಾಹುಬಲಿಯ ಕಥೆಗಿಂತ ದೊಡ್ಡದು ಇನ್ನೊಂದಿಲ್ಲ. ಈಗಿನ ತೆಲಂಗಾಣದ ವೇಮುಲವಾಡದಲ್ಲಿ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಈ ಕಥೆ ಕನ್ನಡಕ್ಕೆ ಇಳಿಯಿತು. ಪಂಪನು ಕವಿಯೂ ಹೌದು, ಕಲಿಯೂ ಹೌದು. ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಬರೆಸಿದನು. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಅನ್ಯರೇಕೆ ಸಾಯಬೇಕೆಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಗೆದ್ದ ಗಳಿಗೆಯಲ್ಲಿಯೇ ವೈರಾಗ್ಯ ಹುಟ್ಟಿತು. ಎಲ್ಲವನ್ನೂ ತೊರೆದು, ಬಳ್ಳಿಗಳು ಮೈಗೆ ಹಬ್ಬುವವರೆಗೆ ಒಂದು ವರ್ಷ ನಿಂತನು.

ಇಲ್ಲಿಯವರೆಗಿನ ಕಥೆಯನ್ನು ಮಕ್ಕಳೂ ಬಲ್ಲರು. ವಿಚಾರ ಮಾಡಬೇಕಾದದ್ದು ಮುಂದಿನದು. ಅಷ್ಟು ಘೋರ ತಪಸ್ಸಿನ ನಂತರವೂ ಅವನಿಗೆ ಕೇವಲಜ್ಞಾನವಾಗಲಿಲ್ಲ. ದಿಗಂಬರ ಪರಂಪರೆಯ ಪ್ರಕಾರ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಒಂದು ಶಲ್ಯವು ಅವನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಭರತನೇ ಬಂದು ನಮಿಸಿದಾಗ ಅದು ಕಳೆಯಿತು. ಶ್ವೇತಾಂಬರ ಪರಂಪರೆಯ ಪ್ರಕಾರ, ತನಗಿಂತ ಮೊದಲು ದೀಕ್ಷೆ ಪಡೆದ ತಮ್ಮಂದಿರಿಗೆ ತಲೆಬಾಗಬೇಕಲ್ಲ ಎಂಬ ಅಭಿಮಾನವು ಉಳಿದಿತ್ತು. ಸೋದರಿಯರಾದ ಬ್ರಾಹ್ಮಿ ಸುಂದರಿಯರು ಬಂದು ಆನೆಯಿಂದ ಇಳಿಯೆಂದು ಹೇಳಿದಾಗ ಅದು ಕಳೆಯಿತು. ಕಥೆ ಎರಡಾದರೂ ತಾತ್ಪರ್ಯ ಒಂದೇ. ದೇಹವು ರಣಭೂಮಿಯನ್ನು ಬಿಟ್ಟ ದಿನವೇ ಮನಸ್ಸು ಅದನ್ನು ಬಿಡುವುದಿಲ್ಲ. ಒಳಗೆ ಉಳಿದ ಮುಳ್ಳನ್ನು ಮಹಾಪುರುಷನೂ ಒಬ್ಬನೇ ಕೀಳಲಾರದೆ ಹೋದನು. ಮನೆಯವರು ಅವನಿದ್ದಲ್ಲಿಗೆ ನಡೆದು ಬರಬೇಕಾಯಿತು.

ಆಧುನಿಕ ವೈದ್ಯಶಾಸ್ತ್ರವು ಈ ಮುಳ್ಳನ್ನು ತಡವಾಗಿ ಗುರುತಿಸಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅದಕ್ಕೆ ಶೆಲ್ ಶಾಕ್ ಎಂದು ಹೆಸರಿಟ್ಟರು. ಅನೇಕರನ್ನು ಹೇಡಿಗಳೆಂದು ಹಳಿದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡನ್ನು ಕಂಡ ನಂತರ, 1980ರಲ್ಲಿ ಅಮೆರಿಕದ ಮನೋವೈದ್ಯರು ಆಘಾತದ ನಂತರದ ಈ ಮನೋವ್ಯಥೆಯನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಕಾರಣವಿಲ್ಲದ ಸಿಟ್ಟು, ಮನೆಮಂದಿಯ ನಡುವೆಯೂ ಒಂಟಿತನ ಇದರ ಲಕ್ಷಣಗಳು. ದೀಪಾವಳಿಯ ಪಟಾಕಿ ಊರಿಗೆಲ್ಲ ಸಂಭ್ರಮ. ಗಡಿಯಲ್ಲಿ ಕಾದಿ ಬಂದವನಿಗೆ ಅದು ಬೇರೆಯೇ ಒಂದು ರಾತ್ರಿಯ ನೆನಪು. ಗುಂಡು ಹಾರಿಸದವನಿಗೂ ಈ ಭಾರ ತಪ್ಪಿದ್ದಲ್ಲ. 1984ರಿಂದ ಸೈನ್ಯ ಕಾಯುತ್ತಿರುವ ಸಿಯಾಚಿನ್‌ನಲ್ಲಿ ಶತ್ರುವಿನ ಗುಂಡಿಗಿಂತ ಚಳಿಗೂ ಹಿಮಪಾತಕ್ಕೂ ಬಲಿಯಾದವರೇ ಹೆಚ್ಚು. ಪಕ್ಕದಲ್ಲಿ ಮಲಗಿದ್ದ ಗೆಳೆಯನು ಬೆಳಗ್ಗೆ ಏಳದಿದ್ದರೆ, ತಾನೇಕೆ ಎದ್ದೆನೆಂಬ ಪ್ರಶ್ನೆಯನ್ನು ಉಳಿದವನು ಜೀವನವಿಡೀ ಹೊರುತ್ತಾನೆ.

ಇಲ್ಲಿ ಧರ್ಮದ ಪ್ರಶ್ನೆಯು ಏಳುತ್ತದೆ. ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಬಿಡಲೇಬೇಕು. ಅಡಿಗೆ, ಮನೆ, ಕೃಷಿ, ವ್ಯಾಪಾರಗಳಲ್ಲಿ ಆಗುವ ಹಿಂಸೆಯೂ, ಆಕ್ರಮಣವನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆಯೂ ಅವನಿಗೆ ಪೂರ್ಣವಾಗಿ ತಪ್ಪಿದ್ದಲ್ಲ. ಆದ್ದರಿಂದ ಗಡಿಯನ್ನು ಕಾಯುವವನು ಅಣುವ್ರತಿಯಾಗಲು ಅಡ್ಡಿಯಿಲ್ಲ. ಆದರೆ ಅನಿವಾರ್ಯವಾದದ್ದು ಹಿಂಸೆಯೇ ಅಲ್ಲವೆಂದು ಶಾಸ್ತ್ರವು ಎಲ್ಲಿಯೂ ಹೇಳಿಲ್ಲ. ಅದಕ್ಕೂ ಆಲೋಚನೆ ಬೇಕು, ಪ್ರತಿಕ್ರಮಣ ಬೇಕು.

ಇದೇ ಶಾಸ್ತ್ರವು ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳನ್ನು ತೋರಿಸಿದೆ. ತಾನು ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಮೆಚ್ಚಿದ್ದು ಅನುಮೋದನ. 1999ರ ಬೇಸಿಗೆಯಲ್ಲಿ ಕಾರ್ಗಿಲ್ ಶಿಖರಗಳನ್ನು ಮರಳಿ ಪಡೆಯುವಲ್ಲಿ 527 ಯೋಧರು ಪ್ರಾಣವಿತ್ತರು. ಪ್ರತಿ ಗೆಲುವಿನ ಸುದ್ದಿ ಬಂದಾಗ ಊರೂರುಗಳಲ್ಲಿ ಪೇಡೆ ಹಂಚಲಾಯಿತು, ಅಂಗಡಿಗಳ ಮುಂದೆ ಪತ್ರಿಕೆಗಳನ್ನು ಗಟ್ಟಿಯಾಗಿ ಓದಲಾಯಿತು. ಅದು ಅನುಮೋದನವಲ್ಲದೆ ಮತ್ತೇನು? ಗಡಿಯು ಭದ್ರವಾಗಿರುವುದರಿಂದಲೇ ತಾಂಡೂರಿನ ತೊಗರಿಯೂ ಹಾಸುಗಲ್ಲೂ ದೂರದ ಪೇಟೆಗಳನ್ನು ತಲುಪುತ್ತವೆ, ಲೆಕ್ಕದ ಪುಸ್ತಕದಲ್ಲಿ ಲಾಭವು ಜಮೆಯಾಗುತ್ತದೆ. ಜಮೆಯನ್ನು ಮಾತ್ರ ತನ್ನ ಖಾತೆಗೆ ಬರೆದುಕೊಂಡು, ಖರ್ಚನ್ನು ಸಿಪಾಯಿಯ ಖಾತೆಗೆ ಬರೆಯುವ ವ್ಯಾಪಾರಿಯನ್ನು ಪ್ರಾಮಾಣಿಕನೆನ್ನಲಾಗದು.

ಒಬ್ಬರ ಕರ್ಮವನ್ನು ಇನ್ನೊಬ್ಬರು ಹೊರಲಾಗದೆಂಬುದು ಜಿನಧರ್ಮದ ಮೂಲಸಿದ್ಧಾಂತವಲ್ಲವೇ ಎಂದು ಕೆಲವರು ಕೇಳಬಹುದು. ಅದು ಸತ್ಯ. ಸೈನಿಕನ ಕರ್ಮವನ್ನು ಶ್ರಾವಕನು ಹೊರಲಾರನು. ಆದರೆ ಅನುಮೋದನದಿಂದ ಬಂದದ್ದು ಸೈನಿಕನ ಕರ್ಮವಲ್ಲ, ಅನುಮೋದಿಸಿದವನದೇ ಕರ್ಮ. ಅದನ್ನು ಒಪ್ಪಿಕೊಂಡವನು ಮರಳಿ ಬಂದ ಸೈನಿಕನ ಮುಂದೆ ನ್ಯಾಯಾಧೀಶನಂತೆ ಕೂಡಲಾರನು. ಅವನ ಪಕ್ಕದಲ್ಲಿಯೇ ಕೂಡುತ್ತಾನೆ. ಸಂಬಳ ತೆಗೆದುಕೊಂಡನು, ಪಿಂಚಣಿ ಬರುತ್ತಿದೆ, ಲೆಕ್ಕ ಚುಕ್ತವಾಯಿತೆಂದು ಹೇಳುವವರೂ ಉಂಟು. ಪಿಂಚಣಿಯು ಸೇವೆಯ ವರ್ಷಗಳಿಗೆ ಸಲ್ಲುವ ಬೆಲೆ. ಎದೆಯ ಭಾರಕ್ಕೆ ಖಜಾನೆಯಲ್ಲಿ ಬೆಲೆ ಕಟ್ಟಿಲ್ಲ.

ಮರಳಿ ಬಂದವನಿಗೆ ಏನು ಬೇಕು? ಇದಕ್ಕೆ ಚಾವುಂಡರಾಯನ ಜೀವನದಲ್ಲಿ ಉತ್ತರವಿದೆ. ಗಂಗ ರಾಜರಾದ ಮಾರಸಿಂಹ, ರಾಚಮಲ್ಲರ ಮಂತ್ರಿಯೂ ದಂಡನಾಯಕನೂ ಆದ ಅವನಿಗೆ ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ ಎಂಬ ಬಿರುದುಗಳು ಯುದ್ಧಗಳಿಂದಲೇ ಬಂದವು. ಅವನು ಅಜಿತಸೇನಾಚಾರ್ಯರನ್ನೂ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳನ್ನೂ ಗುರುಗಳೆಂದು ಆಶ್ರಯಿಸಿದನು. ನೇಮಿಚಂದ್ರರ ಗೊಮ್ಮಟಸಾರವು ಅವನ ಹೆಸರಿನಲ್ಲಿಯೇ ಇದೆ. 978ರಲ್ಲಿ ಚಾವುಂಡರಾಯ ಪುರಾಣವನ್ನು ರಚಿಸಿದನು. ಕೆಲವೇ ವರ್ಷಗಳಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಬಾಹುಬಲಿಯನ್ನು ನಿಲ್ಲಿಸಿದನು. ಗೆದ್ದ ರಾಜನ ಮೂರ್ತಿಯನ್ನು ಬಿಟ್ಟು, ಗೆದ್ದ ಮೇಲೆ ಆಯುಧವನ್ನು ಕೆಳಗಿಟ್ಟವನ ಮೂರ್ತಿಯನ್ನು ಒಬ್ಬ ದಂಡನಾಯಕನು ಕಡೆಯಿಸಿದ್ದು ಕಾಕತಾಳೀಯವೆಂದು ತೋರುವುದಿಲ್ಲ. ಕೇಳುವ ಗುರು, ಕೈಗೆ ತಕ್ಕ ಕೆಲಸ, ಇವೆರಡೂ ಅವನಿಗೆ ದೊರೆತವು.

ಇಂದಿನ ಸೈನಿಕನಿಗೂ ಬೇಕಾದದ್ದು ಇವೆರಡೇ. 15 ವರ್ಷಗಳ ಸೇವೆಗೆ ಪಿಂಚಣಿ ದೊರೆಯುವುದರಿಂದ ಅನೇಕ ಜವಾನರು 35 ರಿಂದ 40ರ ವಯಸ್ಸಿನಲ್ಲಿಯೇ ನಿವೃತ್ತರಾಗುತ್ತಾರೆ. ಮಕ್ಕಳು ಶಾಲೆಯಲ್ಲಿರುವ ವಯಸ್ಸು ಅದು. 2022ರಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಗಳ ನಂತರ ಶೇಕಡಾ 25ರಷ್ಟು ಮಂದಿಗೆ ಮಾತ್ರ ಸೇವೆ ಮುಂದುವರಿಯುವುದೆಂದು ತಿಳಿಸಲಾಯಿತು. ಉಳಿದವರು ಊರಿಗೆ ಮರಳುವಾಗ ಇಪ್ಪತ್ತೈದರ ಆಸುಪಾಸಿನ ತರುಣರು. ಸರಕಾರವು ತನ್ನ ಕೆಲಸ ಮಾಡುತ್ತಿಲ್ಲವೆಂದಲ್ಲ. ಸೈನಿಕ ಕಲ್ಯಾಣ ಕಚೇರಿಗಳಿವೆ. 1949ರಿಂದ ಡಿಸೆಂಬರ್ 7ರಂದು ಧ್ವಜ ದಿನಾಚರಣೆ ನಡೆಯುತ್ತಿದೆ. ಒಂದು ಶ್ರೇಣಿ ಒಂದು ಪಿಂಚಣಿ 2014ರ ಜುಲೈನಿಂದ ಅನ್ವಯವಾಗಿದೆ. ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ಮೇಲೆ ಮಾಜಿ ಸೈನಿಕರ ಸಂಘಟನೆಗಾಗಿ ದುಡಿದರು. 1965ರಲ್ಲಿ ತಮ್ಮ ಸ್ವಂತ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗಲೂ ಅವನೊಬ್ಬನಿಗೆ ಬಿಡುಗಡೆಯನ್ನು ಅವರು ಒಪ್ಪಲಿಲ್ಲ. ಸೆರೆಯಲ್ಲಿದ್ದವರೆಲ್ಲರೂ ಅವರ ಕಣ್ಣಿಗೆ ಮಕ್ಕಳೇ ಆಗಿದ್ದರು.

ವರ್ತಕರ ಕೈಯಲ್ಲಿರುವುದು ಕೆಲಸ. ಮಾಜಿ ಸೈನಿಕನೆಂದರೆ ಕಾವಲುಗಾರನೆಂಬ ರೂಢಿಯು ಪೇಟೆಯಲ್ಲಿ ಬೇರೂರಿದೆ. ಹತ್ತು ಜನರ ಜೀವದ ಹೊಣೆ ಹೊತ್ತವನು, ಹಿಮದ ದಾರಿಯಲ್ಲಿ ಲಾರಿ ನಡೆಸಿದವನು, ಉಗ್ರಾಣದ ಒಂದು ಮೊಳೆಗೂ ಲೆಕ್ಕ ಇಟ್ಟವನು ಗೇಟು ತೆರೆಯುವುದಕ್ಕಷ್ಟೇ ಯೋಗ್ಯನೆಂದು ತಿಳಿಯುವುದು ವ್ಯಾಪಾರದ ದೃಷ್ಟಿಯಿಂದಲೂ ದಡ್ಡತನ. ಗೋದಾಮು, ಸಾಗಾಣಿಕೆ, ದಾಸ್ತಾನಿನ ಲೆಕ್ಕ ಇವುಗಳಲ್ಲಿ ಅವನಿಗೆ ಹೊಣೆ ಕೊಡಬಹುದು. ಆರಂಭದಲ್ಲಿ ಅವನ ಮಾತು ಒರಟಾಗಿ ಕೇಳಿಸಬಹುದು. ಚೌಕಾಸಿಯು ಅವನಿಗೆ ಸುಳ್ಳಿನಂತೆ ತೋರಬಹುದು. ಆರು ತಿಂಗಳ ತಾಳ್ಮೆ ಸಾಕು.

ಕೆಲಸಕ್ಕಿಂತ ಕಠಿಣವಾದದ್ದು ಕೇಳುವುದು. ಮರಳಿ ಬಂದವನ ಬಾಯಿಯನ್ನು ಮುಚ್ಚಿಸುವ ಮಾತುಗಳು ಎರಡು. ನೀನು ವೀರ, ನಿನಗೇತರ ಚಿಂತೆ ಎಂಬುದು ಒಂದು. ಇವನ ಕೈಗೆ ಹಿಂಸೆ ಅಂಟಿದೆಯೆಂಬ ಸಂಕೋಚದ ಮೌನವು ಇನ್ನೊಂದು. ಹೊಗಳಿಕೆಯೂ ಹೇವರಿಕೆಯೂ ಅವನು ಹೇಳಬೇಕೆಂದಿದ್ದುದನ್ನು ಹೇಳಗೊಡುವುದಿಲ್ಲ. ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತದ ಒಂಬತ್ತು ಬಗೆಗಳನ್ನು ಎಣಿಸುವಾಗ ಆಲೋಚನೆಯನ್ನು ಮೊದಲು ಇಟ್ಟಿದೆ. ಅಂದರೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು. ಹೇಳಿಕೊಳ್ಳಲು ಕೇಳುವವನೊಬ್ಬನು ಬೇಕು. ವ್ಯಥೆಯು ಹೆಚ್ಚಾಗಿದ್ದರೆ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವವನೊಬ್ಬನು ಬೇಕು. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ವಾತ್ಸಲ್ಯವೂ ಸೇರಿವೆ. ಜಾರುವವನನ್ನು ಹಿಡಿದು ನಿಲ್ಲಿಸುವುದೇ ಸ್ಥಿತಿಕರಣ.

ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಣಿಯಂದು ಎಲ್ಲರೂ ಪರಸ್ಪರ ಕ್ಷಮೆ ಬೇಡುತ್ತಾರೆ. ಪರ್ಯೂಷಣದಲ್ಲಿ ಮಿಚ್ಛಾಮಿ ದುಕ್ಕಡಂ ಎನ್ನುತ್ತಾರೆ. ಬಂಧುಗಳಿಗೂ ಗಿರಾಕಿಗಳಿಗೂ ಸಂದೇಶ ತಲುಪುತ್ತದೆ. ಆ ದಿನ ಪ್ರತಿಯೊಂದು ಮನೆಯವರು ತಮ್ಮ ಬೀದಿಯಲ್ಲಿರುವ ಒಬ್ಬ ಮಾಜಿ ಸೈನಿಕನ ಮನೆಗೆ, ಅವನು ಯಾವ ಜಾತಿ ಮತದವನೇ ಆಗಿರಲಿ, ನಡೆದು ಹೋಗುವುದು ಉಚಿತ. ಹಾರ ಶಾಲುಗಳು ಬೇಕಿಲ್ಲ, ಛಾಯಾಚಿತ್ರವೂ ಬೇಕಿಲ್ಲ. ನಿನ್ನ ಭಾರದಲ್ಲಿ ನಮ್ಮ ಅನುಮೋದನವೂ ಇತ್ತು, ಕ್ಷಮಿಸು ಎಂದು ಹೇಳಿ, ಅವನ ಅಂಗಳದಲ್ಲಿ ಅರ್ಧ ಗಳಿಗೆ ಕುಳಿತರೆ ಸಾಕು. ಅವನು ಮಾತನಾಡಿದರೆ ಕೇಳಬೇಕು. ಮಾತನಾಡದಿದ್ದರೆ ಮುಂದಿನ ವರ್ಷ ಮತ್ತೆ ಹೋಗಬೇಕು. ಭರತ ಚಕ್ರವರ್ತಿಯು ಹಾಗೆಯೇ ನಡೆದು ಹೋಗಿದ್ದನು.

ಸರ್ವ ಜೀವಿಗಳಿಗೂ ಶಾಂತಿಯಾಗಲಿ. ಜೈ ಜಿನೇಂದ್ರ.