ಉಳಿದ ಹೊತ್ತು ಯಾರದು?

ದೂರವನ್ನು ಅಳೆಯಲು ಗಣಿತದಲ್ಲಿ ಒಂದೇ ಮಾನವಾದರೆ ಸಂಸಾರದಲ್ಲಿ ಹಲವು. ಪುಣೆಯ ಲೋಹಗಾಂವ್ ಮತ್ತು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಕ್ಷಾಂಶ-ರೇಖಾಂಶಗಳಿಂದ ಲೆಕ್ಕ ಹಾಕಿದರೆ ಇವುಗಳ ನಡುವಿನ ನೇರ ಅಂತರ ಸುಮಾರು 310 ಕಿಲೋಮೀಟರು. ಸಾತಾರಾ, ಕೊಲ್ಹಾಪುರಗಳನ್ನು ಹಾಯ್ದು ಬರುವ ಹೆದ್ದಾರಿಯಲ್ಲಿ ಈ ಎರಡು ಊರುಗಳ ದೂರ 340ರ ಆಸುಪಾಸು.

ಇಂಥ ಸಣ್ಣ ಮಾರ್ಗಗಳಿಗೆ ಬಳಸುವ ಎ.ಟಿ.ಆರ್. ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಭಾಗಿಸಿದರೆ 37 ನಿಮಿಷ. ಆದರೆ ವಿಮಾನವು ನಮ್ಮ ಭಾಗಾಕಾರಕ್ಕೆ ಬಗ್ಗುವುದಿಲ್ಲ. ಏರುವಾಗಲೂ ಇಳಿಯುವಾಗಲೂ ಅದರ ವೇಗ ಕಡಿಮೆ. ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ ಕೆಲವೊಮ್ಮೆ ಸುತ್ತು ಹಾಕುವುದೂ ಉಂಟು. ಆದ್ದರಿಂದ ಒಂದು ಗಂಟೆಯೆಂದೇ ಹಿಡಿಯಬೇಕು. ಮನೆಯಿಂದ ನಿಲ್ದಾಣಕ್ಕೆ ಹೋಗುವುದು, ತಪಾಸಣೆಯ ಸಾಲು, ಸಾಂಬ್ರಾದಿಂದ ಊರೊಳಗಿನ ಪ್ರಯಾಣ, ಇವೆಲ್ಲ ಸೇರಿದರೆ ನಾಲ್ಕು ಗಂಟೆ. ರಸ್ತೆಯ ಮೇಲೆ ಹೋದರೆ ಆರೇಳು ಗಂಟೆ. ಉಳಿತಾಯ ಎರಡು-ಮೂರು ಗಂಟೆ ಮಾತ್ರ.

ಈ ಉಳಿದ ಹೊತ್ತು ಯಾರಿಗೆ ಸೇರಬೇಕು?

ಹಣ ಕೊಟ್ಟವನಿಗೆ ಎಂದು ಸುಲಭವಾಗಿ ಹೇಳಬಹುದು. ಆದರೆ ಹಿಂದಿನದನ್ನು ನೆನೆಯಿರಿ. 1971ರಲ್ಲಿ ಪುಣೆ-ಮಿರಜ ಹಳಿ ಅಗಲವಾದ ಮೇಲೂ ಮಿರಜದಿಂದ ಈಚೆಗೆ 1990ರ ದಶಕದವರೆಗೆ ಮೀಟರ್ ಗೇಜ್ ಹಳಿಯೇ ಇತ್ತು. ಹಾಸಿಗೆ-ಟ್ರಂಕು ಸಮೇತ ಮಿರಜದಲ್ಲಿ ಗಾಡಿ ಬದಲಿಸಬೇಕಾಗಿತ್ತು. ಇಷ್ಟು ಪಾಡುಪಟ್ಟು ಬಂದವರು ಬೆಳಿಗ್ಗೆ ಬಂದು ಸಂಜೆ ಹೊರಡುತ್ತಿರಲಿಲ್ಲ. ನಾಲ್ಕು ದಿನ ನಿಲ್ಲುತ್ತಿದ್ದರು. ದಾರಿಯ ಕಷ್ಟವೇ ಉಳಿಯುವುದಕ್ಕೆ ಕಾರಣವಾಗಿತ್ತು. ಈಗ ಬರುವುದು ಸುಲಭವಾದಷ್ಟೂ ಹೊರಡುವುದು ಸುಲಭವಾಗಿದೆ. ಕಾಫಿ ಲೋಟ ಕೆಳಗಿಡುವ ಮೊದಲೇ ನಮ್ಮ ಕಣ್ಣು ಗಡಿಯಾರದ ಮೇಲೆ.

ತಾಯಿಯನ್ನು ನೋಡಲು ಮೀಸಲಿಟ್ಟ ದಿನದಲ್ಲಿ ದಾರಿಯ ಖರ್ಚು ಮೂರು ಗಂಟೆ ಕಡಿಮೆಯಾದರೆ, ಆ ಮೂರು ಗಂಟೆ ಮೊದಲಿನಿಂದಲೂ ಆಕೆಯ ಲೆಕ್ಕದಲ್ಲೇ ಇದ್ದದ್ದು. ಅದನ್ನು ನಮ್ಮ ಲೆಕ್ಕಕ್ಕೆ ವರ್ಗಾಯಿಸಿಕೊಳ್ಳುವ ಹಕ್ಕು ನಮಗೆ ಎಲ್ಲಿಂದ ಬಂತು?

ನಮ್ಮ ಅಡಚಣೆಗಳೂ ಸುಳ್ಳಲ್ಲ. ನನ್ನಂಥ ಕೇಂದ್ರ ಸರಕಾರಿ ನೌಕರನಿಗೆ ವರ್ಷಕ್ಕೆ ಸಿಗುವ ಸಾಂದರ್ಭಿಕ ರಜೆ 8 ದಿನ. ಮಕ್ಕಳ ಪರೀಕ್ಷೆ, ಮನೆಯ ಸಾಲ ಎಲ್ಲರಿಗೂ ಇದ್ದದ್ದೇ. ಟಿಕೆಟ್ಟಿನ ದರ ಎಲ್ಲರ ಕೈಗೆಟುಕುವುದೂ ಇಲ್ಲ. ವಿಮಾನದಲ್ಲಿ ಬರಲಾರದವನ ಪ್ರೀತಿ ಕಡಿಮೆಯೆಂದು ಯಾರೂ ತೀರ್ಪು ಕೊಡಬಾರದು. ರಾತ್ರಿಯ ಬಸ್ಸಿನಲ್ಲಿ ಬಂದು ಎರಡು ದಿನ ನಿಂತವನು, ಗಂಟೆಯಲ್ಲಿ ಹಾರಿ ಬಂದು ಗಂಟೆಯಲ್ಲಿ ಹೊರಟವನಿಗಿಂತ ತಾಯಿಗೆ ಹತ್ತಿರದವನು.

ಊರಲ್ಲಿ ಉಳಿದ ಅಣ್ಣನನ್ನೂ ಅತ್ತಿಗೆಯನ್ನೂ ನೆನೆಯಬೇಕು. ಔಷಧಿ ಕೊಡುವುದು, ಸ್ನಾನ ಮಾಡಿಸುವುದು, ರಾತ್ರಿ ಎದ್ದು ನೋಡುವುದು, ಇವು ವಿಮಾನದ ವೇಗದಿಂದ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ನಾವು ಬೇಗ ಬಂದರೆ ಅವರಿಗೆ ಲಾಭವಿಲ್ಲ. ಬಂದು ನಿಂತು, ಒಂದು ರಾತ್ರಿ ಅವರನ್ನು ನಿಶ್ಚಿಂತೆಯಿಂದ ಮಲಗಗೊಟ್ಟರೆ ಲಾಭವುಂಟು.

ಸರಕಾರ ನಮಗೆ ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ ಹೋಗಿಬರಲು ಪ್ರಯಾಣ ರಿಯಾಯಿತಿ ಕೊಡುತ್ತದೆ. ಅದು ಸೌಲಭ್ಯದ ಲೆಕ್ಕ, ಕರ್ತವ್ಯದ ಮಿತಿಯಲ್ಲ. ಮುಂದಿನ ಸಲ ಊರಿಗೆ ಟಿಕೆಟ್ಟು ತೆಗೆಸುವಾಗ, ಬೇಗ ಮುಟ್ಟುವ ವಿಮಾನವನ್ನು ಹುಡುಕುವಷ್ಟೇ ಶ್ರದ್ಧೆಯಿಂದ ತಡವಾಗಿ ಹೊರಡುವ ವಿಮಾನವನ್ನೂ ಹುಡುಕೋಣ.