ಸುಮ್ಮನೆ ನೋಡುವ ಹಕ್ಕು

ಬೆಂಗಳೂರಿನ ಪ್ಯಾಲೇಸ್ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿಬಂದ ಶಿವಮೊಗ್ಗದ ಓದಿದ ಜನರಿಂದ ನಾನು ಮತ್ತೆ ಮತ್ತೆ ಕೇಳಿರುವ ಮಾತೊಂದಿದೆ. ಬಂಗಲೆ ಚೆನ್ನಾಗಿದೆ, ತೋಟ ಇನ್ನೂ ಚೆನ್ನಾಗಿದೆ, ಚಿತ್ರಗಳು ಮಾತ್ರ ಅಲ್ಲಿಗೆ ಸೇರಿದವಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು: ಕಲೆ ಇರಬೇಕಾದದ್ದು ಬದುಕಿನ ನಡುವೆ. ದೇವಸ್ಥಾನದ ಗೋಡೆಯಲ್ಲಿ, ಹಸೆ ಬರೆದ ಮನೆಯಲ್ಲಿ, ಯಕ್ಷಗಾನದ ರಂಗದ ಮೇಲೆ. ಅಲ್ಲಿಂದ ಕಿತ್ತು ತಂದು ಮೊಳೆಗೆ ನೇತುಹಾಕಿದರೆ ಅದು ಹೆಣ. ಹೀಗೆ ಹೇಳುವಾಗ ಅವರ ಮುಖದಲ್ಲಿ, ತಾವು ಮಣ್ಣಿನ ಪರ ನಿಂತಿದ್ದೇವೆ ಎಂಬ ಒಂದು ಧನ್ಯತೆ ಇರುತ್ತದೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಾಂಟ್ ಹೇಳಿದ ನಿರಾಸಕ್ತ ಆನಂದವನ್ನೋ, ನಮ್ಮ ರಸಸಿದ್ಧಾಂತದ ಸಹೃದಯನನ್ನೋ ಮುಂದಿಟ್ಟು ಇವರಿಗೆ ಉತ್ತರ ಕೊಡಬಹುದು. ಆ ದಾರಿ ಸವೆದಿದೆ, ನನಗೆ ಅದರಲ್ಲಿ ಉತ್ಸಾಹವಿಲ್ಲ. ಈ ಮಾತನ್ನು ಎಲ್ಲರಿಗಿಂತ ಬಲವಾಗಿ ಆಡಿದವರ ಜೊತೆಗೇ ಸೆಣಸಬೇಕು. ಅವರು ಆನಂದ ಕುಮಾರಸ್ವಾಮಿ.

1877ರಲ್ಲಿ ಕೊಲಂಬೊದಲ್ಲಿ ಹುಟ್ಟಿದ ಕುಮಾರಸ್ವಾಮಿ ಮೊದಲು ಭೂವಿಜ್ಞಾನಿ. ಥೋರಿಯಾನೈಟ್ ಎಂಬ ಖನಿಜವನ್ನು ಗುರುತಿಸಿದವರು. 1917ರಿಂದ ಕೊನೆಯವರೆಗೂ ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಮ್ಯೂಸಿಯಂನಲ್ಲಿ ಭಾರತೀಯ ಸಂಗ್ರಹವನ್ನು ನೋಡಿಕೊಂಡವರು. ಮ್ಯೂಸಿಯಂನ ಒಳಗೆ ಕೂತೇ ಅವರು 1940ರ ದಶಕದ ಆರಂಭದಲ್ಲಿ, ಕಲಾಕೃತಿಗಳನ್ನು ಪ್ರದರ್ಶನಕ್ಕೆ ಇಡುವುದಾದರೂ ಏಕೆ ಎಂದು ಕೇಳಿದರು. ಅವರ ವಾದ ಸ್ಥೂಲವಾಗಿ ಇಷ್ಟು. ಮನುಷ್ಯರು ಮಾಡಿದ ವಸ್ತುಗಳೆಲ್ಲ ಯಾವುದೋ ಬಳಕೆಗಾಗಿ ಆದವು. ಬಳಕೆ ಎಂದರೆ ಹೊಟ್ಟೆಯ ಅಗತ್ಯವೂ ಹೌದು, ಆತ್ಮದ ಅಗತ್ಯವೂ ಹೌದು. ಒಳ್ಳೆಯ ವಸ್ತುವಿನಲ್ಲಿ ಎರಡೂ ಕೂಡಿರುತ್ತವೆ. ಅವು ಹುಟ್ಟಿದ ಲೋಕ ಹಾಳಾದಾಗ ಅವನ್ನು ಕಾಪಾಡುವುದು, ಅವು ಯಾತಕ್ಕೆ ಇದ್ದವು ಎಂದು ಕಲಿಸುವುದು, ಇದೇ ಮ್ಯೂಸಿಯಂನ ಕೆಲಸ. ಬದುಕಿರುವ ಕಲಾವಿದರ ಕೃತಿಗಳಿಗೆ ಅಲ್ಲಿ ಜಾಗವಿಲ್ಲ. ಕಣ್ಣಿಗೆ ಹಿತವೆಂದು ಸುಮ್ಮನೆ ನೋಡುವುದನ್ನು ಅವರು ಕಲೆಯ ಅನುಭವ ಎಂದೇ ಒಪ್ಪುವುದಿಲ್ಲ. ಅವರ ಮಾತು ನಡೆದಿದ್ದರೆ ಆಧುನಿಕ ಕಲೆಯ ಮ್ಯೂಸಿಯಂ ಎಂಬುದು ಇರುತ್ತಲೇ ಇರಲಿಲ್ಲ.

ನಾನು ತಕರಾರು ತೆಗೆಯುವುದು ಆ ‘ಸುಮ್ಮನೆ ನೋಡುವುದರ’ ಬಗ್ಗೆ. ಕೃತಿ ಅದರ ಸ್ವಸ್ಥಾನದಲ್ಲಿ ಇದ್ದಾಗ ಅದನ್ನು ನೋಡುತ್ತಿದ್ದವರು ಯಾರು? ಗರ್ಭಗುಡಿಯ ವಿಗ್ರಹವನ್ನು ಯಾರು ಎಷ್ಟು ದೂರದಿಂದ ನೋಡಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಎಷ್ಟೋ ಜನರಿಗೆ ಬಾಗಿಲೇ ಇರಲಿಲ್ಲ. ಅರಮನೆಯ ಚಿತ್ರ ಅರಮನೆಯವರಿಗೆ. ಬಾಗಿಲು ತೆರೆದಿದ್ದವರಿಗೂ ನೋಟ ಬಿಡುವಾಗಿ ಸಿಗುತ್ತಿರಲಿಲ್ಲ. ಕೈಮುಗಿಯಬೇಕು, ಗುಡಿಸಬೇಕು, ಬಡಿಸಬೇಕು, ಸರಿದು ಮುಂದಿನವರಿಗೆ ದಾರಿ ಬಿಡಬೇಕು. ಕುಮಾರಸ್ವಾಮಿಯವರು ಚಿತ್ರಿಸುವ ಕೂಡಿಬಾಳುವ ಲೋಕದಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರವಿದೆ, ಪಾತ್ರವನ್ನು ಕೆಳಗಿಟ್ಟು ಕೂರುವ ಜಾಗ ಮಾತ್ರ ಇಲ್ಲ.

ಪ್ಯಾಲೇಸ್ ರಸ್ತೆಯ ಆ ಮನೆ ಮಾಣಿಕ್ಯವೇಲು ಮ್ಯಾನ್ಷನ್. ಗಣಿ ವ್ಯವಹಾರದ ಮಾಣಿಕ್ಯವೇಲು ಮೊದಲಿಯಾರ್ ಅವರ ಕುಟುಂಬ ವಾಸವಿದ್ದ ಬಂಗಲೆ, ಆಮೇಲೆ ಸರ್ಕಾರದ ಪಾಲಾಯಿತು, 2009ರ ಫೆಬ್ರುವರಿಯಲ್ಲಿ ಗ್ಯಾಲರಿಯಾಗಿ ತೆರೆಯಿತು. ಸುಮಾರು 3.5 ಎಕರೆ ಆವರಣದ ಹಳೆಯ ಮರಗಳನ್ನು ಉಳಿಸಿಕೊಂಡು ಬಂಗಲೆಯ ಹಿಂದೆ ಹೊಸ ಕಟ್ಟಡ ಸೇರಿಸಿದ್ದಾರೆ. ನನ್ನ ಅಮ್ಮ ಭದ್ರಾವತಿಯ ನ್ಯೂಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮೂರು ಪಾಳಿಗಳ ಊಟ ಹೊಂದಿಸುತ್ತ ಬಾಳಿದವಳು. ಅವಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ದೊಡ್ಡ ಕ್ಯಾನ್ವಾಸಿನ ಮುಂದೆ ಬೆಂಚಿನ ಮೇಲೆ ಕೂತವಳು ಬಹಳ ಹೊತ್ತು ಏಳಲಿಲ್ಲ. ಚಿತ್ರದಲ್ಲಿ ಗುರುತು ಹಿಡಿಯುವಂಥ ಆಕಾರಗಳೇನೂ ಇರಲಿಲ್ಲ. ಆಮೇಲೆ ಹೊರಗೆ ಮರದ ಕೆಳಗೆ ಕೂತಾಗ ಹೇಳಿದಳು: “ಏನು ಬರ್ದಿದಾರೆ ಅಂತ ನಂಗೆ ತಿಳೀಲಿಲ್ಲ ಕಣೋ. ಆದ್ರೆ ಅಷ್ಟೊತ್ತು ಕೂತಿದ್ರೂ ಯಾರೂ ಏಳು ಅನ್ಲಿಲ್ಲ.”

ಇದು ಕಲೆಯ ಅನುಭವವೇ ಅಲ್ಲ, ವಿಶ್ರಾಂತಿ ಅಷ್ಟೇ ಎಂದು ಕುಮಾರಸ್ವಾಮಿ ಹೇಳಿಯಾರು. ನಾನು ಒಪ್ಪುವುದಿಲ್ಲ. ವಿಶ್ರಾಂತಿಯಷ್ಟೇ ಆಗಿದ್ದರೆ ಅವಳು ತೋಟದಲ್ಲೇ ಕೂರುತ್ತಿದ್ದಳು. ತನ್ನಿಂದ ಏನನ್ನೂ ಕೇಳದ ಒಂದು ವಸ್ತುವಿನ ಎದುರು, ಅರ್ಥವಾಗದೆಯೂ, ಗಮನವಿಟ್ಟು ಕೂರುವುದು ಅವಳ ಬದುಕಿನಲ್ಲಿ ಹೊಸದು. ಅರ್ಥವಾಗದ್ದರ ಎದುರು ಸಣ್ಣವಳಾಗದೆ ಕೂರುವುದು ಇನ್ನೂ ಹೊಸದು. ಹಾಗೆ ಕೂರಲು ತೋಟವೂ ಬೇಕು. ಒಂದು ನೋಟದಿಂದ ಇನ್ನೊಂದಕ್ಕೆ ಹೋಗುವ ನಡುವೆ ಕಣ್ಣಿಗೆ ನೆರಳು ಬೇಕು, ಮಾತಾಡಲು ಜಾಗ ಬೇಕು. ತೋಟ ಚೆನ್ನಾಗಿದೆ, ಚಿತ್ರ ಬೇಡ ಎನ್ನುವವರು ಎರಡನ್ನೂ ಬೇರೆಬೇರೆ ಎಂದುಕೊಂಡಿದ್ದಾರೆ.

ಇಷ್ಟು ಹೇಳಿ ಗೆದ್ದೆ ಎನ್ನಲು ನಮ್ಮೂರಿನ ಶಿವಪ್ಪನಾಯಕನ ಅರಮನೆ ಬಿಡುವುದಿಲ್ಲ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ತುಂಗೆಯ ದಡದಲ್ಲಿರುವ ಈ ಕಟ್ಟಡಕ್ಕೆ 17ನೇ ಶತಮಾನದ ಕೆಳದಿ ಅರಸನ ಹೆಸರಿದೆ, ಈಗ ನಿಂತಿರುವ ಮರದ ಕಂಬಗಳ ದರ್ಬಾರು ಹೈದರ್ ಅಲಿಯ ಕಾಲದ್ದೆಂದು ಹೇಳುತ್ತಾರೆ. ಅದೀಗ ಸರ್ಕಾರಿ ವಸ್ತುಸಂಗ್ರಹಾಲಯ. ಹೊರಗಿನ ಹುಲ್ಲುಹಾಸಿನಲ್ಲಿ ಜಿಲ್ಲೆಯ ಹಳ್ಳಿಗಳಿಂದ ತಂದ ವೀರಗಲ್ಲುಗಳು, ಮಾಸ್ತಿಕಲ್ಲುಗಳು ಸಾಲಾಗಿ ನಿಂತಿವೆ. ಸೊರಬದ ಕಡೆಯ ನಮ್ಮ ಬಂಧುಗಳ ಊರಲ್ಲಿ ಇಂಥದೇ ಒಂದು ವೀರಗಲ್ಲು ಗದ್ದೆಯ ಬದುವಿನ ಮೇಲಿದೆ. ಅದರ ಬರಹ ಓದಬಲ್ಲವರು ಆ ಊರಲ್ಲಿಲ್ಲ. ಆದರೂ ವರ್ಷಕ್ಕೊಮ್ಮೆ ತೊಳೆದು ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ದನ ಕಾಯಲು ಹೋಗಿ ಸತ್ತವನಂತೆ ಎಂದು ಮಕ್ಕಳಿಗೆ ಹೇಳುತ್ತಾರೆ. ಆ ಕಲ್ಲಿಗೆ ಊರಿದೆ. ಅರಮನೆಯ ಹುಲ್ಲಿನ ಮೇಲೆ ನಿಂತ ಕಲ್ಲುಗಳಿಗೆ ಫಲಕವಷ್ಟೇ ಇದೆ, ಮತ್ತು ಅವುಗಳಿಗೆ ಒರಗಿ ನಾವು ಫೋಟೊ ತೆಗೆಸಿಕೊಳ್ಳುತ್ತೇವೆ. ಯಾರೋ ಯಾರಿಗಾಗಿಯೋ ಸತ್ತದ್ದನ್ನು ನೆನಪಿಡಲು ನೆಟ್ಟ ಕಲ್ಲು ಅದು. ಯಾರ ಊರೂ ಅಲ್ಲದ ಜಾಗದಲ್ಲಿ ಆ ನೆನಪು ನಡೆಯುವುದಿಲ್ಲ. ಇಲ್ಲಿ ಕುಮಾರಸ್ವಾಮಿಯವರು ಸರಿ, ನನ್ನ ಹತ್ತಿರ ಉತ್ತರವಿಲ್ಲ.

ಆದರೆ ಉತ್ತರ ಪೂರ್ತಿಯಾಗಿ ಇಲ್ಲವೆಂದೂ ಅಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಕೈಲಾಸದ ಲಿಂಗ ಎಂದು ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುವುದನ್ನು ನಾನು ಕಲಿತದ್ದು ಈ ಅರಮನೆಯ ತೋಟದಲ್ಲೇ. ಕಲಿತು ಹೋಗಿ ನೋಡಿದ ಮೇಲೆಯೇ ಬದುವಿನ ಕಲ್ಲಿನಲ್ಲಿ ಎಣ್ಣೆಯ ಪದರದ ಅಡಿಯಲ್ಲಿ ಬಿಲ್ಲು ಹಿಡಿದ ಕೈ ಇರುವುದು ನನಗೆ ಕಂಡಿತು. ಸತ್ತ ಕಲ್ಲು ಬದುಕಿರುವ ಕಲ್ಲನ್ನು ತೋರಿಸಿಕೊಟ್ಟಿತು. ಮ್ಯೂಸಿಯಂ ಕಲಿಸಬೇಕು ಎಂದವರೂ ಕುಮಾರಸ್ವಾಮಿಯವರೇ ಅಲ್ಲವೇ?

ಇನ್ನು ಆಧುನಿಕ ಚಿತ್ರದ ವಿಷಯ. ಅವರ ಸೂತ್ರವನ್ನೇ ಹಿಡಿದು ಹೋಗೋಣ: ವಸ್ತು ಯಾವುದಕ್ಕಾಗಿ ಆಯಿತೋ ಅಲ್ಲೇ ಇರಲಿ. ಇಂದಿನ ಚಿತ್ರಕಾರರು ಬರೆಯುವುದು ಗೋಡೆಯ ಮೇಲೆ ತೂಗಲಿ, ಗುರುತಿಲ್ಲದ ಜನ ಬಂದು ನೋಡಲಿ ಎಂದೇ. ಹಾಗಿದ್ದರೆ ಗ್ಯಾಲರಿಯೇ ಅದರ ಸ್ವಸ್ಥಾನ. ಅಲ್ಲಿ ಅದನ್ನು ಯಾವುದರಿಂದಲೂ ಕಿತ್ತು ತಂದಿಲ್ಲ. ಇದಕ್ಕೆ ಅವರ ಉತ್ತರ ನನಗೆ ಗೊತ್ತು: ಗೋಡೆಗಾಗಿಯೇ ಹುಟ್ಟುವುದು ಆ ಕಲೆಯ ದೊಡ್ಡ ರೋಗ, ಕೆಲಸ ಹೇಳುವವರೂ ಕೃತಿ ಬಳಸುವವರೂ ಇಲ್ಲದ ಕಲಾವಿದ ಅನಾಥ.

ಕೆಲಸ ಹೇಳುವ ಧಣಿ ಇದ್ದ ಕಲಾವಿದನ ಕತೆಯೂ ನಮ್ಮಲ್ಲಿದೆ. ಮೈಸೂರಿನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು. ಸೋದರಿ ನಿವೇದಿತಾ ಮತ್ತು ಕುಮಾರಸ್ವಾಮಿ ಸೇರಿ ಬರೆದ, 1913ರಲ್ಲಿ ಹೊರಬಂದ ಹಿಂದೂ-ಬೌದ್ಧ ಪುರಾಣಕಥೆಗಳ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ಅವರೂ ಒಬ್ಬರು. ಮುಂದೆ ಮೈಸೂರು ಅರಮನೆಗಾಗಿ ಪ್ಲಾಸ್ಟರಿನ ಉಬ್ಬುಶಿಲ್ಪಗಳನ್ನು ಮಾಡಿದರು. ಕುಮಾರಸ್ವಾಮಿ ಬಯಸಿದಂತೆಯೇ ಒಂದು ಗೊತ್ತಾದ ಜಾಗಕ್ಕಾಗಿ, ಕಲೆಯನ್ನು ಬಲ್ಲ ಅರಸನಿಗಾಗಿ ಮಾಡಿದ ಕೆಲಸ ಅದು. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಅದೇ ಅರಮನೆಯ ವಿರುದ್ಧ ವೆಂಕಟಪ್ಪನವರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಒಬ್ಬ ಧಣಿಯ ಆಯುಷ್ಯಕ್ಕೆ ಕಟ್ಟಿದ ಕಲೆಯ ಗತಿ ಅದು. ಅವರ ಚಿತ್ರಗಳು ನನ್ನಂಥವನ ಕಣ್ಣಿಗೆ ಬಿದ್ದದ್ದು ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ, ಅವರದೇ ಹೆಸರಿನ ಗ್ಯಾಲರಿಯಲ್ಲಿ. ಆ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದರ ಜೊತೆ ಸೇರಿ ನಡೆಸುವ ಮಾತು ಬಂದಾಗ, 2016ರಲ್ಲಿ, ಕಲಾವಿದರು ಬೀದಿಗೆ ಇಳಿದಿದ್ದರು. ಹೆಣ ಇಟ್ಟ ಜಾಗಕ್ಕಾಗಿ ಯಾರೂ ಹಾಗೆ ಇಳಿಯುವುದಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಭದ್ರಾವತಿ ಇದೆ.

ನಮ್ಮ ಕಾರ್ಖಾನೆ ಸರ್ ಎಂ. ವಿಶ್ವೇಶ್ವರಯ್ಯನವರ ಕನಸು. 1918ರಲ್ಲಿ ಶುರುವಾಗಿ 1923ರಿಂದ ಕಬ್ಬಿಣ ಕೊಟ್ಟಿತು. ಬೆಂಕಿಪುರವೆಂಬ ಹಳೆಯ ಹೆಸರಿನ ಊರಿನಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ ಕರಗಿಸುತ್ತಿತ್ತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಪಕ್ಕದ ಕಾಗದದ ಕಾರ್ಖಾನೆಯಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಯಂತ್ರಗಳು ನಿಂತಿದ್ದವು. ಆ ದಿನಗಳಲ್ಲೇ ಪರಿಚಿತರೊಬ್ಬರು ಬಹಳ ಉತ್ಸಾಹದಿಂದ ಹೇಳಿದರು: ಲಂಡನ್ನಿನಲ್ಲಿ ಹಳೆಯ ವಿದ್ಯುತ್ ಸ್ಥಾವರವನ್ನು 2000ದಲ್ಲಿ ಟೇಟ್ ಮಾಡರ್ನ್ ಮಾಡಲಿಲ್ಲವೇ, ಇಲ್ಲೂ ಒಂದು ಕಲಾ ಮ್ಯೂಸಿಯಂ ಮಾಡಬಹುದು, ಎಷ್ಟು ಎತ್ತರದ ಶೆಡ್ಡುಗಳು, ಎಷ್ಟು ಮರಗಳು! ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜವಾದರೆ ಆ ಮಾತಿಗೆ ನಾನು ಕುಣಿಯಬೇಕಿತ್ತು. ಬದಲಿಗೆ ಕೆಂಡದಂಥ ಕೋಪ ಬಂತು.

ನನ್ನ ಅಪ್ಪ ಫೌಂಡ್ರಿಯಲ್ಲಿದ್ದರು. ಆಯುಧಪೂಜೆಯ ದಿನ ಮನೆಯವರನ್ನು ಒಳಗೆ ಬಿಡುತ್ತಿದ್ದರು. ಒಂದು ವರ್ಷ ಅಪ್ಪ ನನ್ನನ್ನು ದೂರದಲ್ಲಿ ನಿಲ್ಲಿಸಿ, ಕರಗಿದ ಲೋಹದ ಬಣ್ಣ ನೋಡಿ ಅದು ಅಚ್ಚಿಗೆ ಸುರಿಯುವ ಹದಕ್ಕೆ ಬಂದಿದೆಯೇ ಎಂದು ಹೇಗೆ ತಿಳಿಯುತ್ತಾರೆಂದು ಹೇಳಿಕೊಟ್ಟರು. ಅವತ್ತು ಕುಲುಮೆ ತಣ್ಣಗಿತ್ತು. ಬರೀ ಮಾತಿನಲ್ಲೇ ಬಣ್ಣಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಅಷ್ಟು ತೀಕ್ಷ್ಣವಾಗಿ ಬಣ್ಣ ನೋಡಬಲ್ಲವರನ್ನು ನಾನು ಯಾವ ಗ್ಯಾಲರಿಯಲ್ಲೂ ಕಂಡಿಲ್ಲ. ಅದು ಬಳಕೆಯ ನೋಟ. ನೋಡಿದ್ದು ತಪ್ಪಿದರೆ ಎರಕ ಕೆಡುತ್ತದೆ, ಒಬ್ಬರ ಕಾಲು ಸುಡುತ್ತದೆ. ಆ ಶೆಡ್ಡಿನಲ್ಲಿ ಚಿತ್ರ ತೂಗಿದರೆ ನಾನು ಹೊಗಳಿದ ಸುಮ್ಮನೆ ನೋಡುವ ನೋಟ ಎಲ್ಲರಿಗೂ ಸಿಗುತ್ತದೆ, ಅಪ್ಪನ ನೋಟಕ್ಕೆ ಇನ್ನು ಜಾಗವಿಲ್ಲ ಎಂದು ಗೋಡೆಯೇ ಹೇಳಿದಂತಾಗುತ್ತದೆ. ಗೇಟಿನ ಮುಂದೆ ಜನ ಇನ್ನೂ ಕೆಲಸ ಕೇಳುತ್ತಿರುವಾಗ ಹಾಗೆ ಹೇಳುವುದು ತೀರ್ಪು ಕೊಟ್ಟಂತೆ.

ಆ ಪ್ರಸ್ತಾಪವನ್ನು ಅಪ್ಪನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ನಮಗೂ ಟಿಕೆಟ್ ಇರ್ತದಾ?” ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, “ಒಳಗೆ ಬಿಡೋದಾದ್ರೆ ಒಂದ್ಸಲ ನೋಡ್ಬೇಕು” ಎಂದರು.

ಅವರು ನೋಡಬೇಕೆಂದದ್ದು ಚಿತ್ರಗಳನ್ನಲ್ಲ ಎಂದು ನಾನು ಮೊದಲು ಅಂದುಕೊಂಡೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಕುಮಾರಸ್ವಾಮಿಯವರ ಲೋಕದಲ್ಲಿ ಬಳಕೆ ತಾನಾಗಿ ಮುಗಿಯುತ್ತದೆ, ಆಮೇಲೆ ಮ್ಯೂಸಿಯಂ ಬಂದು ಉಳಿದದ್ದನ್ನು ಕಾಯುತ್ತದೆ. ಬಳಕೆ ಮುಗಿಯಿತೆಂದು ಯಾರೋ ಒಬ್ಬರು ಎಲ್ಲೋ ಕೂತು ನಿರ್ಧರಿಸುತ್ತಾರೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾಣಿಕ್ಯವೇಲು ಮ್ಯಾನ್ಷನ್ನಿನ ಮರದ ಕೆಳಗೆ ಕೂತ ನಾನೂ ಹಿಡಿದಿರಲಿಲ್ಲ. ಆ ಮನೆ ಖಾಲಿಯಾದದ್ದಕ್ಕೆ ನನಗೆ ದುಃಖವಿಲ್ಲ, ಈ ಕಾರ್ಖಾನೆ ಖಾಲಿಯಾದರೆ ಇದೆ. ಈ ವ್ಯತ್ಯಾಸಕ್ಕೆ ಒಂದು ತತ್ವ ಇದೆಯೋ, ಅಥವಾ ಇದು ನ್ಯೂಟೌನಿನಲ್ಲಿ ಹುಟ್ಟಿದವನ ಪಕ್ಷಪಾತವಷ್ಟೆಯೋ ಎಂದು ಹಿಡಿದು ನೋಡುತ್ತಿದ್ದೇನೆ. ಇನ್ನೂ ತತ್ವ ಸಿಕ್ಕಿಲ್ಲ.